ಸತ್ತ ಅಧ್ಯಕ್ಷರು ಪಾಟ್ಸ್‌ಡ್ಯಾಮ್ ಸಭೆಗೆ ಬಂದದ್ದು

ಆರನೆಯ ಕಡತ ಓದುವಾಗ ನನಗೆ ಮೊದಲ ಸಲ ಅನುಮಾನ ಬಂತು. ೨೦೧೪ರ ಮಾರ್ಚ್ ತಿಂಗಳ ಒಂದು ಶುಕ್ರವಾರ, ವಾರದ ರಜೆ. ಗಂಡ ಹೋಟೆಲಿನ ಸ್ಟೋರ್ ಡ್ಯೂಟಿಗೆ ಹೋಗಿದ್ದರು. ಅಬುಧಾಬಿಯ ಖಲೀಫಾ ಸಿಟಿಯ ಒಂದು ವಿಲ್ಲಾವನ್ನು ಆರು ಸಂಸಾರಗಳಿಗೆ ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ನಮ್ಮದು ಹಿಂಬದಿಯ ಎರಡು ಕೋಣೆ. ಅಡುಗೆಮನೆಯ ಮೇಜೇ ನನ್ನ ಮೇಜು. ಅದರ ಮೇಲೆ ನನ್ನ ಹನ್ನೊಂದನೆಯ ತರಗತಿಯ ಹದಿನಾಲ್ಕು ಮಕ್ಕಳ ಇತಿಹಾಸದ ಕೋರ್ಸ್‌ವರ್ಕ್ ಇತ್ತು. ಪ್ರಶ್ನೆ ಎಲ್ಲರಿಗೂ ಒಂದೇ: ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ ಶೀತಲ ಸಮರ ಹುಟ್ಟಿತಲ್ಲ, ಅದಕ್ಕೆ ಯಾರು ಹೊಣೆ?

ಆರನೆಯ ಕಡತದಲ್ಲಿ, ೧೯೪೫ರ ಏಪ್ರಿಲಿನಲ್ಲಿ ತೀರಿಕೊಂಡ ಅಮೆರಿಕದ ಅಧ್ಯಕ್ಷರು ಜುಲೈ ತಿಂಗಳ ಪಾಟ್ಸ್‌ಡ್ಯಾಮ್ ಸಭೆಗೆ ಬಂದು ಕುಳಿತಿದ್ದರು. ಫೆಬ್ರವರಿಯಲ್ಲಿ ಯಾಲ್ಟಾಕ್ಕೆ ಬಂದವರು ಅವರೇ, ನಿಜ. ಪಾಟ್ಸ್‌ಡ್ಯಾಮಿಗೆ ಬಂದವರು ಅವರ ಉತ್ತರಾಧಿಕಾರಿ. ಮನುಷ್ಯ ಬದಲಾದದ್ದೂ ಎರಡು ದೇಶಗಳ ನಡುವೆ ಮಾತು ಕೆಡಲು ಒಂದು ಕಾರಣವಾಯಿತು ಎಂದು ನಾನು ಪಾಠದಲ್ಲಿ ಒತ್ತಿ ಹೇಳಿದ್ದೆ. ಹಿಂದಿನ ಐದು ಕಡತಗಳನ್ನು ಮತ್ತೆ ತೆರೆದೆ. ಮೂರರಲ್ಲಿ ಆ ಮೃತರು ಹಾಜರಿದ್ದರು. ಹದಿನಾಲ್ಕೂ ಮುಗಿಯುವಾಗ ಲೆಕ್ಕ ಹನ್ನೊಂದಕ್ಕೆ ನಿಂತಿತು. ಹನ್ನೊಂದರಲ್ಲೂ ಅವರು ಒಂದೇ ರೀತಿ ಮುಗುಳುನಗುತ್ತಿದ್ದರು. ವಾಕ್ಯ ಹಿಂದುಮುಂದಾಗಿತ್ತು, ಮುಗುಳುನಗೆ ಮಾತ್ರ ಹಾಗೇ ಇತ್ತು.

ಈ ಕೋರ್ಸ್‌ವರ್ಕಿನ ಪದ್ಧತಿ ಹೇಳಿಬಿಡುತ್ತೇನೆ. ಮಕ್ಕಳು ತಿಂಗಳುಗಟ್ಟಲೆ ಓದಿ ಒಂದು ದೊಡ್ಡ ಪ್ರಬಂಧ ಬರೆಯಬೇಕು. ಅಂಕ ಕೊಡುವವಳು ನಾನು. ಹದಿನಾಲ್ಕನ್ನೂ ಗುಣದ ಪ್ರಕಾರ ಮೇಲಿನಿಂದ ಕೆಳಗೆ ಜೋಡಿಸಿ ಪಟ್ಟಿ ಮಾಡುವುದೂ ನಾನೇ. ಅದರಲ್ಲಿ ಕೆಲವು ಮಾತ್ರ ದೂರದ ಪರೀಕ್ಷಾ ಮಂಡಳಿಗೆ ಹೋಗುತ್ತವೆ. ಅಲ್ಲಿಯವರು ಓದಿ ನಮ್ಮ ಅಂಕ ಸರಿಯೇ ಎಂದು ನೋಡುತ್ತಾರೆ. ಕಳಿಸುವ ಮೊದಲು, ಇದು ನನ್ನದೇ ಬರಹ ಎಂದು ಮಗು ಸಹಿ ಹಾಕಬೇಕು, ಹೌದು, ಇದು ಅವರದೇ ಎಂದು ನಾನು ಹಾಕಬೇಕು. ಇಡೀ ವ್ಯವಸ್ಥೆ ನಿಂತಿರುವುದು ಆ ಎರಡು ಸಹಿಗಳ ಮೇಲೆ.

ಸತ್ತವರಿಲ್ಲದ ಮೂರು ಕಡತಗಳಲ್ಲಿ ಎರಡು ಸಾಧಾರಣ. ಮೂರನೆಯದು ತಾಷ್ಕೆಂಟಿನ ಹುಡುಗಿಯದು. ಅವಳ ತಂದೆ ಏರ್‌ಪೋರ್ಟಿನಲ್ಲಿ ವಿಮಾನ ರಿಪೇರಿ ಮಾಡುವ ಮೆಕ್ಯಾನಿಕ್. ಇಂಗ್ಲಿಷ್ ಕಲಿತು ನಾಲ್ಕು ವರ್ಷವಾಗಿತ್ತಷ್ಟೇ, ವಾಕ್ಯಗಳು ಕುಂಟುತ್ತಿದ್ದವು. ಆದರೆ ಅವಳು ಎರಡು ತಂತಿ ಸಂದೇಶಗಳನ್ನು ಹುಡುಕಿ ತಂದಿದ್ದಳು. ೧೯೪೬ರ ಫೆಬ್ರವರಿಯಲ್ಲಿ ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಿಂದ ವಾಷಿಂಗ್ಟನ್ನಿಗೆ ಹೋದ ಉದ್ದದ ತಂತಿ ಎಲ್ಲ ಪಠ್ಯಗಳಲ್ಲೂ ಇದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರಿ ಮಾಸ್ಕೋಗೆ ಕಳಿಸಿದ್ದನ್ನು ನಾನು ಪಾಠದಲ್ಲಿ ಹೇಳಿಯೇ ಇರಲಿಲ್ಲ. ಅವಳು ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಳು. ಎದುರಿನವನು ಜಗತ್ತನ್ನೇ ನುಂಗಲು ಹೊರಟಿದ್ದಾನೆ ಎಂದು ಇವನೂ ಬರೆದಿದ್ದ, ಅವನೂ ಬರೆದಿದ್ದ. ಕೆಳಗೆ ಅವಳ ಮಾತು: ಇಬ್ಬರೂ ತಮ್ಮ ಯಜಮಾನರಿಗೆ ಏನು ಬೇಕಿತ್ತೋ ಅದನ್ನೇ ಬರೆದರು, ಆಮೇಲೆ ಯಜಮಾನರು ಅದನ್ನು ಸುದ್ದಿಯೆಂದು ಓದಿದರು. ಹದಿನಾರು ವರ್ಷದವಳು ಹೀಗೆ ಬರೆದಾಗ ಪಾಠ ಮಾಡಿದವಳಿಗೆ ಏನಾಗಬೇಕೋ ನನಗೆ ಅದಾಯಿತು. ಎದ್ದು ಒಂದು ಲೋಟ ಚಹಾ ಮಾಡಿಕೊಂಡು ಮತ್ತೊಮ್ಮೆ ಓದಿದೆ.

ಆ ಪ್ರಬಂಧದ ಅಂಕದ ಮೇಲೆ ಅವಳ ಬದುಕು ನಿಂತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಮುಂದಿನ ಎರಡು ವರ್ಷದ ಓದಿಗೆ ನಮ್ಮ ಶಾಲೆ ಒಬ್ಬರಿಗೆ ಮಾತ್ರ ಉಚಿತ ಸೀಟು ಕೊಡುತ್ತಿತ್ತು. ಇತಿಹಾಸದಲ್ಲಿ ಮೇಲಿನ ದರ್ಜೆ ಬಂದರೆ ಅದು ಅವಳಿಗೆ. ಇಲ್ಲದಿದ್ದರೆ ತಾಯಿ ಮಗಳು ತಾಷ್ಕೆಂಟಿಗೆ ವಾಪಸು ಎಂದು ತಂದೆ ಟಿಕೆಟ್ ವಿಚಾರಿಸಿಟ್ಟಿದ್ದರು.

ವಾರದ ಮೊದಲ ದಿನವಾದ ಭಾನುವಾರ ಶಾಲೆಗೆ ಹೋದವಳೇ ವಿಭಾಗದ ಸಂಯೋಜಕಿಯ ಕೋಣೆಗೆ ಹೋದೆ. ಆಕೆ ಬೆಂಗಳೂರಿನವರು. ಮೀಟಿಂಗುಗಳಲ್ಲಿ ಇಂಗ್ಲಿಷ್, ಬಾಗಿಲು ಮುಚ್ಚಿದರೆ ಕನ್ನಡ.

"ಬಾಗಿಲು ಹಾಕ್ಬಿಡಿ," ಎಂದರು. ನಾನು ಹನ್ನೊಂದು ಪುಟಗಳನ್ನು ಸಾಲಾಗಿ ಹರಡಿದೆ. ಆಕೆ ಕನ್ನಡಕ ಏರಿಸಿ ನೋಡಿದರು. ಮಕ್ಕಳ ಹೆಸರನ್ನು ನೋಡಿದರೇ ಹೊರತು ಬರಹವನ್ನಲ್ಲ.

"ಈ ಹನ್ನೊಂದರಲ್ಲಿ ಯಾರ್ಯಾರ ಮಕ್ಕಳಿದ್ದಾರೆ ಗೊತ್ತಲ್ವಾ ನಿಮ್ಗೆ?"

"ಗೊತ್ತುಂಟು. ಆದ್ರೆ ಇದು ಒಬ್ರೇ ಬರೆದದ್ದು ಮೇಡಂ. ಇಲ್ದಿದ್ರೆ ಸತ್ತವ್ರು ಹನ್ನೊಂದು ಕಡೆ ಎದ್ದು ಬರ್ತಾರಾ?"

ಆಕೆ ಕಂಪ್ಯೂಟರಿನತ್ತ ತಿರುಗಿ ಶಾಲೆಯ ಹಂಚಿಕೆಯ ಫೋಲ್ಡರ್ ತೆರೆದರು. ನವೆಂಬರಿನಲ್ಲಿ ನಾನೇ ಮಾಡಿ ಹಾಕಿದ್ದ ಟಿಪ್ಪಣಿಯ ಹಾಳೆ. ಎಡಗಡೆ ಯಾಲ್ಟಾ, ಬಲಗಡೆ ಪಾಟ್ಸ್‌ಡ್ಯಾಮ್. ಎಡದ ಅಂಕಣವನ್ನು ನಕಲು ಮಾಡಿ ಬಲಕ್ಕೆ ಅಂಟಿಸಿ, ಮೇಲಿನ ಸಾಲು ತಿದ್ದಲು ಮರೆತವಳು ನಾನು. ಸತ್ತ ಅಧ್ಯಕ್ಷರನ್ನು ಪಾಟ್ಸ್‌ಡ್ಯಾಮಿಗೆ ಕರೆತಂದವಳು ನಾನೇ.

"ನಿಮ್ ನೋಟ್ಸಲ್ಲೇ ಇದೆಯಲ್ಲಾ. ಮಕ್ಳು ಟೀಚರ್ ಕೊಟ್ಟಿದ್ದನ್ನ ಬರೆದ್ರೆ ಅದು ಕಾಪಿನಾ?"

ಮುಂದಿನ ತರಗತಿಯಲ್ಲೇ ಆ ತಪ್ಪನ್ನು ಬೋರ್ಡಿನ ಮೇಲೆ ತಿದ್ದಿದ್ದೆ. ಹಾಳೆಯಲ್ಲಿ ಎಲ್ಲರೂ ಪೆನ್ನಿನಿಂದ ಹೊಡೆದು ಸರಿ ಮಾಡಿಕೊಳ್ಳಿ ಎಂದೂ ಹೇಳಿದ್ದೆ. ಮೂವರು ಮಾಡಿಕೊಂಡಿದ್ದರು. ಫೋಲ್ಡರಿನಲ್ಲಿ ತಿದ್ದಲು ಮಾತ್ರ ಮರೆತಿದ್ದೆ. ಇದನ್ನೆಲ್ಲ ಹೇಳಲು ಹೋದಾಗ ನನ್ನ ದನಿ ನನಗೇ ನೆಪ ಹೇಳುವವರ ದನಿಯ ಹಾಗೆ ಕೇಳಿಸಿತು. ಪಕ್ಕದ ತಟ್ಟೆಯ ನೊಣ ತೋರಿಸಲು ಹೋದವಳ ತಟ್ಟೆಯಲ್ಲಿ ಹೆಗ್ಗಣ ಬಿದ್ದಿತ್ತು. ಹನ್ನೊಂದು ಹಾಳೆಗಳನ್ನು ಎತ್ತಿಕೊಂಡು ಹೊರಗೆ ಬಂದೆ.

ಬರೆದುಕೊಟ್ಟವರು ಯಾರೆಂದು ಹುಡುಕಲು ಕಷ್ಟಪಡಬೇಕಿರಲಿಲ್ಲ. ಮೊದಲು ನಮ್ಮ ಶಾಲೆಯಲ್ಲೇ ಇದ್ದು, ಕೆಲಸ ಬಿಟ್ಟು, ಈಗ ಟ್ಯೂಷನ್ ನಡೆಸುತ್ತಿದ್ದ ಮಾಸ್ಟ್ರು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ದುಬೈಯಿಂದ ವಾರಕ್ಕೆರಡು ದಿನ ಷೇರ್ ಕಾರಿನಲ್ಲಿ ಅಬುಧಾಬಿಗೆ ಬಂದು ಈ ಹನ್ನೊಂದು ಮಕ್ಕಳ ಮನೆಗಳನ್ನೇ ಸುತ್ತುತ್ತಿದ್ದರು. ಉಡುಪಿಯಿಂದ ಬಂದು ಕೆಲಸವಿಲ್ಲದೆ ಕುಳಿತಿದ್ದ ನನ್ನನ್ನು ಈ ಶಾಲೆಗೆ ಸೇರಿಸಿದವರೂ ಅವರೇ. ಆ ಋಣ ನನ್ನ ಕುತ್ತಿಗೆಯಲ್ಲಿತ್ತು. ಆದರೂ ಮುಂದಿನ ಶುಕ್ರವಾರ ದುಬೈ ಬಸ್ಸು ಹತ್ತಿದೆ.

ಅವರ ಮನೆ ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಅಲ್ಲಿ ಕಟ್ಟಡಗಳ ಗುಂಪಿಗೆ ಒಂದೊಂದು ದೇಶದ ಹೆಸರು. ಇವರದು ರಷ್ಯಾ ಕ್ಲಸ್ಟರ್. ಬಾಗಿಲು ತೆರೆದವರ ಮುಖದಲ್ಲಿ ಸಂಕೋಚದ ಸುಳಿವೂ ಇರಲಿಲ್ಲ.

"ಬನ್ನಿ ಬನ್ನಿ ಟೀಚರೇ. ಎಂತ, ಅಪರೂಪ! ಊಟ ಮಾಡಿಯೇ ಹೋಗ್ಬೇಕು. ಮೀನು ಉಂಟು."

ನಾನು ನಿಂತುಕೊಂಡೇ ಕೇಳಿದೆ. ಅವರು ಅಲ್ಲಗಳೆಯಲೂ ಇಲ್ಲ.

"ಹೌದು, ಬರೆದು ಕೊಟ್ಟಿದ್ದೇನೆ. ಒಂದು ಬರೆದು ಹನ್ನೊಂದು ಮಾಡಿದ್ದು. ಅಪ್ಪ ಅಮ್ಮ ಕೇಳ್ತಾರೆ, ನಾನು ಕೊಡ್ತೇನೆ. ನಾನೆಂತ ಕಳ್ಳತನ ಮಾಡಿದ್ದಾ?"

"ಸತ್ತವ್ರನ್ನು ಸಭೆಗೆ ಕರ್ಕೊಂಡು ಬಂದಿದ್ದೀರಲ್ಲ ಮಾಸ್ಟ್ರೇ."

"ಅದು ಮಕ್ಕಳು ತಂದ ನಿಮ್ಮ ನೋಟ್ಸಿನಲ್ಲಿ ಇದ್ದದ್ದು ಮಾರಾಯ್ತಿ! ನಾನು ಕಾಮರ್ಸ್ ಓದಿದವ. ಅಮೆರಿಕದಲ್ಲಿ ಯಾರು ಸತ್ತದ್ದು, ಯಾರು ಬದುಕಿದ್ದು, ನನಗೆ ಹೇಗೆ ಗೊತ್ತಾಗ್ಬೇಕು?" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಒಂದು ಸಹಿ ಹಾಕಿ, ಖಲಾಸ್. ಹತ್ತಿದ ಏಣಿ ಒದೀಬೇಡಿ ಟೀಚರೇ. ಮುಂದಿನ ವರ್ಷ ಮಕ್ಕಳಿಗೆ ನೋಟ್ಸ್ ಹಾಕುವಾಗ ಒಮ್ಮೆ ಸರಿಯಾಗಿ ನೋಡಿ ಹಾಕಿ, ಆಯ್ತಾ?"

ನನಗೆ ಕೈ ಎತ್ತಬೇಕು ಅನ್ನಿಸಿತು. ಒಳಗಿನಿಂದ ಬಂಗುಡೆ ಹುರಿಯುವ ವಾಸನೆ ಬರುತ್ತಿತ್ತು. ನನಗೆ ಇಷ್ಟವಾದ ವಾಸನೆ ಅದು. ನೀರನ್ನೂ ಕುಡಿಯದೆ ಇಳಿದು ಬಂದೆ.

ಬಸ್ಸಿನಲ್ಲಿ ಪರೀಕ್ಷಾ ಮಂಡಳಿಯ ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಮಗು ಸಹಿ ಹಾಕಿದ ಮೇಲೆ ಮೋಸ ಗೊತ್ತಾದರೆ ಮಂಡಳಿಗೆ ವರದಿ ಮಾಡಲೇಬೇಕು. ಇಡೀ ತರಗತಿಯ ಫಲಿತಾಂಶವನ್ನು ತಡೆಹಿಡಿಯಬಹುದು. ಸಹಿಗೆ ಮೊದಲೇ ಗೊತ್ತಾದರೆ ಶಾಲೆಯೊಳಗೇ ಸರಿಪಡಿಸಬಹುದು. ನಮ್ಮ ಮಕ್ಕಳು ಇನ್ನೂ ಸಹಿ ಹಾಕಿರಲಿಲ್ಲ. ವರದಿ ಮಾಡಿದರೆ ಹುಡುಗಿಯೂ ಮುಳುಗುತ್ತಾಳೆ, ಸುಮ್ಮನಿದ್ದರೆ ಹನ್ನೊಂದು ಸುಳ್ಳುಗಳ ಅಡಿಗೆ ಬೀಳುತ್ತಾಳೆ. ಉಳಿದದ್ದು ಒಂದೇ ದಾರಿ: ಹನ್ನೊಂದು ಮಂದಿಯೂ ನನ್ನ ಕಣ್ಣೆದುರು ಕುಳಿತು ಮತ್ತೆ ಬರೆಯಬೇಕು.

ಸಂಯೋಜಕಿ ಸುಲಭವಾಗಿ ಒಪ್ಪಿದರು. "ಬರೆಸಿ, ಬರೆಸಿ. ನಿಮ್ಗೆ ಸಮಾಧಾನ ಆಗ್ಲಿ," ಎಂದರು. ಆ ಸುಲಭದಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಮೂರು ದಿನ, ದಿನಕ್ಕೆ ಎರಡು ಪಿರಿಯಡ್. ಮೊದಲ ದಿನ ನನ್ನ ತಪ್ಪನ್ನು ಮಕ್ಕಳ ಎದುರು ಹೇಳಿಕೊಂಡೆ. ಆಮೇಲೆ ಫೋನ್‌ಗಳನ್ನು ಪೆಟ್ಟಿಗೆಗೆ ಹಾಕಿಸಿ ಬಿಳಿ ಹಾಳೆ ಹಂಚಿದೆ. ಪುಸ್ತಕ ನೋಡಬಹುದು, ಟಿಪ್ಪಣಿ ನೋಡಬಹುದು, ಬರೆಯುವುದು ಮಾತ್ರ ಇಲ್ಲೇ. ಹತ್ತು ನಿಮಿಷ ಯಾರೂ ಪೆನ್ನು ಮುಟ್ಟಲಿಲ್ಲ. ಒಬ್ಬಳು ಕೈ ಎತ್ತಿ, "ಮಿಸ್, ಯಾರು ಹೊಣೆ ಅಂತ ನೀವೇ ಹೇಳಿಬಿಡಿ, ಬರೆಯುತ್ತೇವೆ" ಎಂದಳು. ಇನ್ನೊಬ್ಬ, ಅಮೆರಿಕ ಬಂಡವಾಳಶಾಹಿ, ರಷ್ಯಾ ಕಮ್ಯುನಿಸ್ಟ್, ಆದ್ದರಿಂದ ಜಗಳ ಎಂದು ಒಂದು ಸಾಲು ಬರೆದು ಕಿಟಕಿ ನೋಡುತ್ತ ಕುಳಿತ. ಎರಡನೆಯ ದಿನ ತಾಷ್ಕೆಂಟಿನ ಹುಡುಗಿಯನ್ನು ಎದ್ದು ನಿಲ್ಲಿಸಿ, ಎರಡು ತಂತಿಗಳ ಕಥೆ ಹೇಳು ಎಂದೆ. ತಡವರಿಸುತ್ತ ಹೇಳಿದಳು. ಕಿಟಕಿ ನೋಡುತ್ತಿದ್ದವನು ತಿರುಗಿ, "ಹಾಗಾದರೆ ಇಬ್ಬರೂ ಸುಳ್ಳು ಹೇಳಿದರಾ?" ಎಂದು ಕೇಳಿದ. "ಸುಳ್ಳಲ್ಲ. ಹೆದರಿಕೆ. ಹೆದರಿಕೆಯನ್ನು ಬುದ್ಧಿವಂತಿಕೆಯ ಹಾಗೆ ಬರೆದರು," ಎಂದಳು. ಅಂದು ತರಗತಿಯಲ್ಲಿ ನಿಜವಾದ ಜಗಳವಾಯಿತು. ಬರ್ಲಿನ್ನಿಗೆ ದಾರಿ ಮುಚ್ಚಿದ್ದು ಯಾರು, ಅದಕ್ಕೆ ಮೊದಲು ಹೊಸ ಕರೆನ್ಸಿ ತಂದದ್ದು ಯಾರು ಎಂದು ಮಕ್ಕಳು ಕೂಗಾಡಿದರು. ಮೂರನೆಯ ದಿನ ಹನ್ನೊಂದರಲ್ಲಿ ಏಳು ಮಂದಿ ನಾಲ್ಕೈದು ಪುಟ ಬರೆದರು. ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಅವರದಾಗಿತ್ತು. ಆ ಹಾಳೆಗಳನ್ನು ಕಟ್ಟಿಕೊಂಡು ಹೋಗುವಾಗ ನಾನು ಗೆದ್ದೆನೆಂದೇ ತಿಳಿದಿದ್ದೆ.

ಹೊಸ ಬರಹಗಳ ಜೊತೆ ಒಂದು ಪತ್ರ ಲಗತ್ತಿಸಿ ಪ್ರಿನ್ಸಿಪಾಲರಿಗೆ ಕೊಟ್ಟೆ. ಮೊದಲ ಪ್ಯಾರಾದಲ್ಲಿ ಟಿಪ್ಪಣಿಯಲ್ಲಿನ ತಪ್ಪು ನನ್ನದೆಂದು ಬರೆದಿದ್ದೆ. ಎರಡನೆಯದರಲ್ಲಿ ಟ್ಯೂಷನ್ನಿನ ವಿಷಯ, ಮೂರನೆಯದರಲ್ಲಿ ಹೊಸ ಬರಹಗಳನ್ನೇ ಕಳಿಸಬೇಕೆಂಬ ಕೋರಿಕೆ. ಅವರು ಮೊದಲ ಪ್ಯಾರಾ ಓದಿ ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಪ್ರಾಮಾಣಿಕತೆಗೆ ಧನ್ಯವಾದ ಎಂದರು. ತಪ್ಪು ಶಿಕ್ಷಕಿಯದೆಂದು ಶಿಕ್ಷಕಿಯೇ ಬರೆದುಕೊಟ್ಟ ಮೇಲೆ ಮಕ್ಕಳನ್ನು ಶಂಕಿಸಲು ಏನು ಆಧಾರ ಎಂದು ನಯವಾದ ಇಂಗ್ಲಿಷಿನಲ್ಲಿ ಕೇಳಿದರು. ಬಿಳಿ ಹಾಳೆಗಳ ಕಟ್ಟನ್ನು ಪಕ್ಕದಲ್ಲೇ ನಿಂತಿದ್ದ ಸಂಯೋಜಕಿ ನನ್ನ ಎದುರೇ ಕಸದ ಬುಟ್ಟಿಗೆ ಹಾಕಿದರು. ಏಳು ಮಕ್ಕಳು ಬೆವರಿಳಿಸಿ ಬರೆದದ್ದು. ಥೂ, ಈಗ ನೆನೆದರೂ ಅಸಹ್ಯವಾಗುತ್ತದೆ. ಮಕ್ಕಳಿಗೆ ಕದಿಯಲು ಕಲಿಸಿದ್ದು ಟ್ಯೂಷನ್ ಮಾಸ್ಟ್ರಲ್ಲ, ಆ ಕೋಣೆ.

ಪಟ್ಟಿಯಲ್ಲಿ ನಾನು ಹುಡುಗಿಯನ್ನು ಮೊದಲಿಗೆ ಇಟ್ಟಿದ್ದೆ. ಸಂಯೋಜಕಿ ಹಸಿರು ಪೆನ್ನಿನಿಂದ ಬಾಣ ಎಳೆದು ಅವಳನ್ನು ಹದಿನಾಲ್ಕನೆಯ ಜಾಗಕ್ಕೆ ಇಳಿಸಿದರು.

"ಯಾಕೆ ಮೇಡಂ?"

"ಇಂಗ್ಲಿಷ್ ನೋಡಿ ಅವಳ್ದು. ಕೆಳಗಡೆ ಒಂದು ಕೆಟ್ಟದ್ದು ಇರ್ಬೇಕು ರೀ. ಆಗ್ಲೇ ಮೇಲಿಂದು ನಿಜ ಅನ್ಸೋದು."

ಬಾಯಿ ತೆರೆದವಳು ಮುಚ್ಚಿಕೊಂಡೆ. ಬಸ್ಸಿನಲ್ಲಿ ಓದಿದ ನಿಯಮ ನೆನಪಾಗಿತ್ತು: ಯಾವ ಕಡತ ಹೋದರೂ ಬಿಟ್ಟರೂ ಪಟ್ಟಿಯ ಮೊದಲನೆಯದು ಮತ್ತು ಕೊನೆಯದು ಮಂಡಳಿಗೆ ಹೋಗಲೇಬೇಕು. ನಡುವಿನಲ್ಲಿ ಎಲ್ಲೋ ತುರುಕಿದ್ದರೆ ಅವಳನ್ನು ಯಾರೂ ಓದದೆ ಹೋಗಬಹುದಿತ್ತು. ಈಗ ಓದಲೇಬೇಕು. ಮೇಲಕ್ಕೆ ತರಲು ಜಗಳವಾಡಿದರೆ ನಡುವಿಗೆ ತಂದು ರಾಜಿ ಮಾಡುತ್ತಾರೆ, ಅದೇ ಅಪಾಯ. ಹಾಗಾಗಿ ಅವಳನ್ನು ಆ ಹೊಲಸು ಜಾಗದಲ್ಲೇ ಬಿಟ್ಟೆ. ಎರಡು ತಂತಿಗಳ ಪ್ರತಿಗಳನ್ನು ಅವಳ ಕಡತಕ್ಕೆ ಗಟ್ಟಿಯಾಗಿ ಸ್ಟೇಪಲ್ ಮಾಡಿದೆ. ನನ್ನ ಸಹಿಯ ಜಾಗವನ್ನು ಖಾಲಿ ಬಿಟ್ಟು ಹಾಳೆಯನ್ನು ವಾಪಸು ಕೊಟ್ಟೆ. ಸಂಯೋಜಕಿ ಅದೇ ಹಸಿರು ಪೆನ್ನಿನಿಂದ ತಾವೇ ಸಹಿ ಹಾಕಿದರು. ಜೂನ್ ಕೊನೆಗೆ ನನ್ನ ಕಾಂಟ್ರಾಕ್ಟ್ ಮುಂದುವರಿಯುವುದಿಲ್ಲ ಎಂಬ ಕಾಗದ ಬಂತು.

ಆಗಸ್ಟಿನಲ್ಲಿ ನಡೆದದ್ದನ್ನು ಆ ಶಾಲೆಯ ಆಫೀಸಿನ ಒಬ್ಬರು ಆಮೇಲೆ ಹೇಳಿದರು. ಪಟ್ಟಿಯ ಕೊನೆಯ ಪ್ರಬಂಧವೇ ಎಲ್ಲಕ್ಕಿಂತ ಬಲವಾದದ್ದು, ಈ ಕ್ರಮವನ್ನು ನಂಬಲಾಗದು ಎಂದು ಮಂಡಳಿಯವರು ಹದಿನಾಲ್ಕನ್ನೂ ತರಿಸಿಕೊಂಡು ಅಂಕ ಬದಲಿಸಿದ್ದರು. ಹುಡುಗಿ ಮೇಲೆ ಬಂದಳು, ಹನ್ನೊಂದು ಮಂದಿ ಕೆಳಗೆ ಬಂದರು. ವರದಿಯಲ್ಲಿ ಇನ್ನೂ ಒಂದು ಸಾಲಿತ್ತಂತೆ: ಹಲವು ಪ್ರಬಂಧಗಳಲ್ಲಿ ಮರುಕಳಿಸಿದ ತಪ್ಪಿಗೆ ಶಾಲೆಯ ಟಿಪ್ಪಣಿಯೇ ಕಾರಣ ಎಂದು ಶಾಲೆ ತಿಳಿಸಿದೆ, ಸಂಬಂಧಪಟ್ಟ ಶಿಕ್ಷಕಿ ಈಗ ಶಾಲೆಯಲ್ಲಿಲ್ಲ. ನಾನು ಅಷ್ಟು ಹೊತ್ತಿಗೆ ಮುಸಫ್ಫಾದ ಬೇರೊಂದು ಶಾಲೆಯಲ್ಲಿ ಆರನೆಯ ತರಗತಿಗೆ ಭೂಗೋಳ ಕಲಿಸುತ್ತಿದ್ದೆ. ಆ ಸಾಲು ಕೇಳಿ ಸಿಟ್ಟು ಬಂತು. ಆದರೂ ಹುಡುಗಿಗೆ ಸೀಟು ಸಿಗುತ್ತದಲ್ಲ ಎಂದು ಅದನ್ನು ನುಂಗಿಕೊಂಡೆ.

ಅಕ್ಟೋಬರಿನಲ್ಲಿ ಒಂದು ಸಂಜೆ ಹುಡುಗಿಯೇ ಫೋನ್ ಮಾಡಿದಳು. ಶಾಲೆಯ ಗೇಟಿನಲ್ಲಿ ಅವಳ ದೊಡ್ಡ ಫೋಟೋ ಹಾಕಿದ್ದಾರಂತೆ. ಮರುದಿನ ಬಹುಮಾನ ವಿತರಣೆ. ಇಂಥ ಪ್ರಬಂಧ ಬರೆಯಲು ಶಾಲೆ ತನಗೆ ಹೇಗೆ ಸಹಾಯ ಮಾಡಿತು ಎಂದು ಅವಳು ವೇದಿಕೆಯಲ್ಲಿ ಮಾತಾಡಬೇಕಂತೆ.

"ಮಾತಾಡು. ಎರಡು ತಂತಿಗಳ ವಿಷಯ ಹೇಳು," ಎಂದೆ.

"ಮಿಸ್, ಭಾಷಣ ಅವರೇ ಕೊಟ್ಟಿದ್ದಾರೆ. ಬರೆದದ್ದು ಟ್ಯೂಷನ್ ಸರ್. ಅವರು ಈಗ ಮತ್ತೆ ನಮ್ಮ ಶಾಲೆಯಲ್ಲೇ ಇದ್ದಾರೆ, ಮಕ್ಕಳಿಗೆ ಬರವಣಿಗೆ ಕಲಿಸುತ್ತಾರೆ."

"ಅದರಲ್ಲಿ ಏನು ಬರೆದಿದ್ದಾರೆ?" ಎಂದೆ.

"ಅದರಲ್ಲಿ ತಂತಿ ಇಲ್ಲ ಮಿಸ್. ನಿಮ್ಮ ಹೆಸರೂ ಇಲ್ಲ. ನಾನು ಓದುವುದಿಲ್ಲ ಅಂದೆ. ಉಚಿತ ಸೀಟಿನ ಆರ್ಡರಿಗೆ ಇನ್ನೂ ಸಹಿ ಆಗಿಲ್ಲ, ಸಮಾರಂಭ ಮುಗಿದ ಮೇಲೆ ಮಾಡುತ್ತೇವೆ ಅಂದರು. ಪಪ್ಪ ಓದು ಅನ್ನುತ್ತಾರೆ. ಅಮ್ಮ ಅಳುತ್ತಾಳೆ. ನೀವು ಬೇಡ ಅಂದರೆ ಓದುವುದಿಲ್ಲ."

ಮಾರ್ಚಿನಲ್ಲಾಗಿದ್ದರೆ ಬೇಡ ಎನ್ನುತ್ತಿದ್ದೆ. ಸಹಿ ಹಾಕದೆ ಉಳಿದರೆ ನನಗೆ ಬೇರೆ ಶಾಲೆ ಇತ್ತು. ಅವಳಿಗೆ ಇದ್ದದ್ದು ತಾಷ್ಕೆಂಟಿನ ವಿಮಾನ.

"ಓದು," ಎಂದೆ.

ಆಮೇಲೆ, ಭಾಷಣದಲ್ಲಿ ಕೆಲವು ಕಷ್ಟದ ಶಬ್ದಗಳಿವೆ, ಹೇಗೆ ಉಚ್ಚರಿಸಬೇಕು ಮಿಸ್ ಎಂದು ಕೇಳಿದಳು. ಒಂದೊಂದಾಗಿ ಹೇಳಿಸಿ, ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿಸಿದೆ. ಎಲ್ಲಿ ನಿಲ್ಲಿಸಿದರೆ ಜನ ಚಪ್ಪಾಳೆ ತಟ್ಟುತ್ತಾರೆ ಎಂಬುದನ್ನೂ ಹೇಳಿಕೊಟ್ಟೆ.